180 ದನಗಳ ಬಂಡವಾಳ

ಜಮಖಂಡಿ, 23 ಜೂನ್ 2024, ರವಿವಾರ

ಮೂರು ರಾತ್ರಿಗಳಿಂದ ಓದುತ್ತಿದ್ದ ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಅವರ ‘ದ ನಂಬರ್ ಒನ್ ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ’ ಕಾದಂಬರಿ ಇಂದು ಬೆಳಗಿನ ಜಾವ ಮುಗಿಯಿತು. 1998ರಲ್ಲಿ ಪ್ರಕಟವಾದ ಈ ಪುಸ್ತಕವನ್ನು ನಾನು ಪತ್ತೇದಾರಿ ಕಥೆಯೆಂದೇ ಕೈಗೆತ್ತಿಕೊಂಡಿದ್ದೆ. ಆದರೆ ಓದುತ್ತ ಹೋದಂತೆ, ಇದು ನಿಜವಾಗಿ ತಂದೆಯರನ್ನು ಕುರಿತ ಪುಸ್ತಕ ಎಂಬ ಭಾವನೆ ನನ್ನಲ್ಲಿ ಬಲವಾಯಿತು.

ಕಥೆ ನಡೆಯುವುದು ದಕ್ಷಿಣ ಆಫ್ರಿಕಾ ದೇಶದ ನೆರೆಯ ಬೋಟ್ಸ್‌ವಾನಾದಲ್ಲಿ. 1966ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾದ, ಕಲಹಾರಿ ಮರುಭೂಮಿಯೇ ಬಹುಭಾಗವನ್ನು ಆವರಿಸಿರುವ ದೇಶ ಅದು. ರಾಜಧಾನಿ ಗ್ಯಾಬರೋನೆಯ ಅಂಚಿನಲ್ಲಿರುವ ಕ್ಗಾಲೆ ಗುಡ್ಡದ ಬುಡದಲ್ಲಿ ಪ್ರೆಷಸ್ ರಮೋಟ್ಸ್ವೆ ಎಂಬ ಹೆಣ್ಣುಮಗಳು ಪತ್ತೇದಾರಿ ಕಚೇರಿ ತೆರೆಯುತ್ತಾಳೆ. ಕಚೇರಿಯ ಆಸ್ತಿಯನ್ನು ಲೇಖಕರು ಮೊದಲ ಪುಟದಲ್ಲೇ ಎಣಿಸಿಬಿಡುತ್ತಾರೆ: ಒಂದು ಸಣ್ಣ ಬಿಳಿ ವ್ಯಾನು, ಎರಡು ಮೇಜು, ಎರಡು ಕುರ್ಚಿ, ಒಂದು ಫೋನು, ಒಂದು ಹಳೆಯ ಟೈಪ್‌ರೈಟರ್, ರೂಯಿಬೊಸ್ ಎಂಬ ಕೆಂಪು ಚಹಾ ಮಾಡುವ ಒಂದು ಟೀಪಾಟು, ಮೂರು ಮಗ್ಗು. ಒಂದು ಮಗ್ಗು ತನಗೆ, ಒಂದು ಕಾರ್ಯದರ್ಶಿಗೆ, ಮೂರನೆಯದು ದೂರು ತಂದವರಿಗೆ. ಪಿಸ್ತೂಲಾಗಲಿ ಭೂತಗನ್ನಡಿಯಾಗಲಿ ಆ ಪಟ್ಟಿಯಲ್ಲಿಲ್ಲ. ಮನೆಗೆ ಬಂದವರಿಗೆ ಕೊಡುವ ಚಹಾದ ಮಗ್ಗು ಇದೆ.

ಈ ಕಚೇರಿಗೆ ಹಣ ಬಂದದ್ದು ದನಗಳಿಂದ. ತಂದೆ ಓಬೆಡ್ ರಮೋಟ್ಸ್ವೆ ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ವರ್ಷಗಟ್ಟಲೆ ದುಡಿದವನು. ಅವನ ಕಥೆ ಅವನದೇ ಮಾತಿನಲ್ಲಿ ಬರುವ ಅಧ್ಯಾಯವನ್ನು ನಾನು ಎರಡು ಸಲ ಓದಿದೆ. ನೆಲದಡಿಯ ಕಲ್ಲುಪುಡಿ ಅವನ ಎದೆಯನ್ನು ಹಾಳುಮಾಡಿತು. ಕೂಡಿಟ್ಟ ಕೂಲಿ ಊರಿನಲ್ಲಿ ದನಗಳಾಗಿ ಬೆಳೆಯಿತು. ಹೆಂಡತಿ ತೀರಿಕೊಂಡಾಗ ಮಗಳಿನ್ನೂ ಕೂಸು. ಹಾಗಾಗಿ ಅವನಿಗೆ ಮಗಳೂ ದನಗಳೂ ಬಿಟ್ಟರೆ ಬೇರೆ ಲೋಕವಿರಲಿಲ್ಲ. ಸಾಯುವ ಹೊತ್ತಿಗೆ 180 ದನಗಳಿದ್ದವು. ಅವುಗಳನ್ನು ಮಾರಿ ಏನಾದರೂ ವ್ಯಾಪಾರ ಮಾಡು ಎನ್ನುತ್ತಾನೆ. ಪತ್ತೇದಾರಿ ಕಚೇರಿ ತೆರೆಯುತ್ತೇನೆ ಎಂದು ಮಗಳು ಹೇಳಿದಾಗ ಅವನ ಕಣ್ಣು ಅಗಲವಾಗುತ್ತದೆ, ‘ಆದರೆ... ಆದರೆ...’ ಎನ್ನುತ್ತಲೇ ಪ್ರಾಣ ಬಿಡುತ್ತಾನೆ. ಆ ‘ಆದರೆ’ಯ ಮುಂದಿನ ಮಾತು ಏನಿತ್ತೋ ಮಗಳಿಗೆ ಎಂದೂ ತಿಳಿಯುವುದಿಲ್ಲ. ಊರಿಗೆಲ್ಲ ಪತ್ತೆ ಮಾಡಿಕೊಡುವವಳಿಗೆ ಸಿಗದೆ ಉಳಿದ ಮೊದಲ ಉತ್ತರ ಅದೇ ಎಂದು ನನಗೆ ಅನ್ನಿಸಿತು.

ದನಗಳನ್ನು ಮೊಚುಡಿ ಎಂಬ ಊರಿಗೆ ಹೊಡೆದು ತಂದು, ದಲ್ಲಾಳಿ ಬರುವವರೆಗೆ ಧೂಳಿನಲ್ಲಿ ನಿಲ್ಲಿಸುತ್ತಾರೆ. ಆ ವರ್ಷ ಮಳೆ ಚೆನ್ನಾಗಿ ಆಗಿ ಹುಲ್ಲು ಹುಲುಸಾಗಿದ್ದರಿಂದ ಒಳ್ಳೆಯ ಬೆಲೆ ಬರುತ್ತದೆ. ಹಿಂದಿನ ವರ್ಷದ ಬರದಲ್ಲಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆ ದೇಶದ ನಾಣ್ಯದ ಹೆಸರು ಪುಲಾ, ಅವರ ಸೆತ್ಸ್ವಾನಾ ಭಾಷೆಯಲ್ಲಿ ಹಾಗೆಂದರೆ ಮಳೆ. ಧನವೆಂಬ ಪದವನ್ನೇ ದನವಾಗಿಸಿಕೊಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಓಬೆಡ್‌ನ ಹೋರಿಗಳು ಬಿಳಿಯ ಬ್ರಾಹ್ಮನ್ ತಳಿಯವು ಎಂದು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಅಮೆರಿಕದಲ್ಲಿ ಬೆಳೆಸಿದ ಆ ತಳಿಯ ಮೂಲ ಭಾರತದ ದನಗಳು. ಗೀರ್, ಗುಜರಾತಿನ ಕಾಂಕ್ರೇಜ್, ನೆಲ್ಲೂರಿನ ಹೋರಿಗಳ ಜೊತೆಗೆ ನಮ್ಮ ಕೃಷ್ಣಾ ತೀರದ ತಳಿಯ ರಕ್ತವೂ ಅದರಲ್ಲಿ ಸೇರಿದೆ.

ಪುಸ್ತಕದಲ್ಲಿ ಮೊದಲು ಬರುವ ದೊಡ್ಡ ಪ್ರಕರಣವೇ ಒಬ್ಬ ತಂದೆಯದು. ಹ್ಯಾಪಿ ಬಪೆಟ್ಸಿ ಎಂಬ ದುಡಿಯುವ ಹೆಣ್ಣುಮಗಳ ಮನೆಗೆ, ನಾನೇ ನಿನ್ನ ಅಪ್ಪ ಎಂದು ಒಬ್ಬ ಬಂದು ಸೇರಿಕೊಂಡಿದ್ದಾನೆ. ಉಂಡು, ಕುಡಿದು, ಕುರ್ಚಿ ಬಿಟ್ಟು ಏಳುವುದಿಲ್ಲ. ರಮೋಟ್ಸ್ವೆ ನರ್ಸ್ ವೇಷದಲ್ಲಿ ಅವನ ಬಳಿಗೆ ಹೋಗಿ, ಮಗಳಿಗೆ ಅಪಘಾತವಾಗಿದೆ, ತಂದೆಯ ರಕ್ತವೇ ಬೇಕು, ಬಹಳ ಬೇಕು, ಕೊಟ್ಟವನು ಉಳಿಯುವುದು ಕಷ್ಟ ಎನ್ನುತ್ತಾಳೆ. ಅವನು ತಾನು ತಂದೆಯಲ್ಲ ಎಂದು ತಕ್ಷಣ ಒಪ್ಪಿಕೊಳ್ಳುತ್ತಾನೆ. ಎದೆಯನ್ನೇ ಸವೆಸಿ ಮಗಳಿಗೆ ದನ ಕೂಡಿಟ್ಟವನ ಮಗಳಿಗಲ್ಲದೆ ಈ ಪರೀಕ್ಷೆ ಬೇರೆ ಯಾರಿಗೆ ಹೊಳೆಯುತ್ತಿತ್ತು? ಭಾರತೀಯ ಮೂಲದ ವ್ಯಾಪಾರಿ ಪಟೇಲರ ಪ್ರಸಂಗವೂ ಹಾಗೆಯೇ ಇದೆ. ಹದಿನಾರರ ಮಗಳ ಹಿಂದೆ ಯಾವನೋ ಹುಡುಗನಿದ್ದಾನೆಂಬ ಅನುಮಾನದಿಂದ ಅವರು ಪತ್ತೇದಾರಳನ್ನು ಗೊತ್ತುಮಾಡುತ್ತಾರೆ. ಆ ಹುಡುಗನನ್ನು ಮಗಳೇ, ಮನೆಯ ಕಾವಲಿನಿಂದ ಬೇಸತ್ತು, ಕಲ್ಪಿಸಿಕೊಂಡಿರುತ್ತಾಳೆ. ಕಳೆದುಹೋದ ಮಗನಿಗಾಗಿ ಕಾಗದ ಬರೆಯುವ ಶಾಲಾ ಮಾಸ್ತರರ ಕಥೆ ಇವೆಲ್ಲಕ್ಕಿಂತ ಕತ್ತಲಿನದು. ಮಾಟಕ್ಕಾಗಿ ಮಕ್ಕಳನ್ನು ಬಲಿಕೊಡುವ ಭಯ ಅದರ ಹಿಂದಿದೆ. ಅದು ಹೇಗೆ ಮುಗಿಯುತ್ತದೆಂದು ಇಲ್ಲಿ ಬರೆಯುವುದಿಲ್ಲ. ಓದುವವರು ತಾವೇ ಆ ಕಾಡುದಾರಿಯಲ್ಲಿ ಹೋಗಬೇಕು.

ಅವಳ ವಿಚಾರಣೆಯ ರೀತಿ ನನಗೆ ಬಹಳ ಹಿಡಿಸಿತು. ಅಲ್ಲಿ ಹೆಂಗಸರನ್ನು ‘ಮ್ಮಾ’ ಎಂದೂ ಗಂಡಸರನ್ನು ‘ರ್ರಾ’ ಎಂದೂ ಸಂಬೋಧಿಸದೆ ಮಾತು ಶುರುವಾಗುವುದಿಲ್ಲ. ತಾಯಿ, ತಂದೆ ಎಂಬ ಅರ್ಥದಿಂದಲೇ ಬಂದ ಮಾತುಗಳವು. ಗುರುತಿಲ್ಲದವರನ್ನೂ ಯವ್ವಾ, ಯಪ್ಪಾ ಎಂದು ಕರೆಯುವ ನಮ್ಮ ಕಡೆಯವರಿಗೆ ಆ ದನಿ ಚೆನ್ನಾಗಿ ಕೇಳಿಸುತ್ತದೆ. ಸುಳ್ಳು ಹೇಳುವವನನ್ನೂ ಅವಳು ಅಪ್ಪಾ ಎಂದೇ ಮಾತಾಡಿಸುತ್ತಾಳೆ, ಹಾಗೆ ಕರೆಸಿಕೊಂಡವನಿಗೆ ಸುಳ್ಳನ್ನು ಮುಂದುವರಿಸುವುದು ಕಷ್ಟವಾಗುತ್ತದೆ.

ಪುಸ್ತಕದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಯೂ ಇದೆ. ಈಗಿನ ಜಿಂಬಾಬ್ವೆಯ ಬುಲವಾಯೊದಲ್ಲಿ 1948ರಲ್ಲಿ ಹುಟ್ಟಿ, ಬೋಟ್ಸ್‌ವಾನಾದಲ್ಲಿ ಕಾನೂನು ಕಲಿಸಿ, ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾಗಿದ್ದ ಈ ಲೇಖಕರಿಗೆ ಆ ದೇಶದ ಮೇಲೆ ತುಂಬ ಪ್ರೀತಿ. ಆ ಪ್ರೀತಿಯಿಂದಾಗಿ, 1990ರ ದಶಕದಲ್ಲಿ ಬೋಟ್ಸ್‌ವಾನಾವನ್ನು ಜರ್ಜರಿತಗೊಳಿಸಿದ ಏಡ್ಸ್ ಪಿಡುಗಿಗೆ ಇಲ್ಲಿ ಸಿಕ್ಕಿರುವ ಜಾಗ ತೀರ ಕಿರಿದಾಗಿದೆ. ಮೊದಲ ಗಂಡನ ಹೊಡೆತ, ಐದು ದಿನ ಬದುಕಿ ಹೋದ ಮಗು, ಇವುಗಳನ್ನು ಅಷ್ಟು ನೇರವಾಗಿ ಬರೆದವರು ಅದನ್ನೂ ಬರೆಯಬಹುದಾಗಿತ್ತು.

ಸಂಜೆ, ಆರಿದ್ರಾ ಮಳೆ ಹಿಡಿದಿದ್ದರಿಂದ, ಅಪ್ಪ ಹೊಲಕ್ಕೆ ಹೋಗದೆ ಪಡಸಾಲೆಯಲ್ಲಿ ಕುಳಿತಿದ್ದ. ಹರೆಯದಲ್ಲಿ ಕೃಷ್ಣಾ ತೀರದ ಎತ್ತುಗಳನ್ನು ಕಟ್ಟಿದವನು, ಈಗ ಕಣ್ಣು ಮಂಜಾಗಿ ಓದಲಾರ. ದನಗಳು ಧೂಳಿನಲ್ಲಿ ದಲ್ಲಾಳಿಗಾಗಿ ಕಾಯುವ ಭಾಗವನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಗಣಿಯ ವಿಷಯಕ್ಕೆ ಅವನು ಹೂಂಗುಟ್ಟಿದ. ಬೆಲೆ ಚೆನ್ನಾಗಿ ಬಂತೆಂದಾಗ ತಲೆಯಾಡಿಸಿದ. ಮಗಳು ಮನೆ ಕೊಂಡಳು, ಕಚೇರಿ ತೆರೆದಳು ಎಂದು ನಾನು ಮುಂದೆ ಹೋಗುವಷ್ಟರಲ್ಲಿ ಕೈ ಎತ್ತಿ ತಡೆದು ಕೇಳಿದ:

“ತಗೊಂಡಾವ ಅವನ್ನ ಚಲೋ ನೋಡ್ಕೊಂಡ್ನೇನವಾ?”

ಏನು ಹೇಳಬೇಕೆಂದು ತಿಳಿಯದೆ, ದಲ್ಲಾಳಿ ಬರುವ ಸಾಲುಗಳನ್ನು ಹುಡುಕಿ ಮತ್ತೆ ಮೊದಲಿನಿಂದ ಓದಿದೆ.