ಆರು ತೂತಿನ ‘ಕ’

ಹುಬ್ಬಳ್ಳಿಯ ಕಾಲೇಜೊಂದರಲ್ಲಿ 18 ವರ್ಷಗಳಿಂದ ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿರುವ ನನಗೆ, ಅದೇ ವಿಷಯವನ್ನು ಓಣಿಯ ಹಿರಿಯರಿಗೂ ಗೃಹಿಣಿಯರಿಗೂ ಒಂದು ಗಂಟೆಯಲ್ಲಿ ತಿಳಿಸಿಕೊಡಬೇಕೆಂದು ಬೆಟಗೇರಿಯ ಗೆಳೆಯರು ಕೇಳಿಕೊಂಡಾಗ, ಅದೇನೂ ದೊಡ್ಡ ಕೆಲಸವೆನಿಸಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಗದಗಕ್ಕೆ ಹೋದೆ.

ಸಮುದಾಯ ಭವನದಲ್ಲಿ ನಾನು ಇನ್‌ಪುಟ್, ಔಟ್‌ಪುಟ್, ಮೆಮೊರಿ ಎಂದು ಪರದೆಯ ಮೇಲೆ ಬಾಣಗಳನ್ನು ತೋರಿಸತೊಡಗಿದ ಹತ್ತೇ ನಿಮಿಷಕ್ಕೆ ಹಿಂದಿನ ಸಾಲಿನವರು ತೂಕಡಿಸತೊಡಗಿದರು. ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ ಎಂದಾಗ ನೇಕಾರ ಯಜಮಾನರೊಬ್ಬರು ಎದ್ದು ನಿಂತರು.

“ಸರ, ನನ್ನ ಮೊಮ್ಮಗಳು ಮೊಬೈಲ್‌ನ್ಯಾಗ ಕನ್ನಡದಾಗ ಬರದು ಕಳಸ್ತಾಳ. ಬರೇ ಎರಡ ಅಂಕಿ ಇಟ್ಕೊಂಡು ಅದು ‘ಕ’ ಹೆಂಗ ಬರಿತೈತ್ರಿ?”

ನಾನು ವಿದ್ಯುತ್ತು, ಟ್ರಾನ್ಸಿಸ್ಟರು ಎಂದು ಏನೇನೋ ಹೇಳಿದೆ. ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆದರೆ ಅವರು ಕೇಳಿದ್ದಕ್ಕೆ ಉತ್ತರವೂ ಇರಲಿಲ್ಲ. ಅವರು ತಲೆಯಾಡಿಸಿ ಕುಳಿತರು. ಚಹದ ವೇಳೆಗೆ ಹತ್ತಿರ ಬಂದು, “ಚಹಾ ನಮ್ಮನ್ಯಾಗ ಕುಡೀರಿ, ಬರ್ರಿ” ಎಂದು ಹಿಂದಿನ ಓಣಿಗೆ ಕರೆದುಕೊಂಡು ಹೋದರು.

ಪಡಸಾಲೆಯಲ್ಲಿ ಮಗ್ಗವಿತ್ತು. ಅದರ ನೆತ್ತಿಯ ಮೇಲೆ ಜಕಾರ್ಡ್ ಪೆಟ್ಟಿಗೆ, ಪೆಟ್ಟಿಗೆಯ ಬದಿಗೆ ದಾರದಿಂದ ಒಂದಕ್ಕೊಂದು ಹೊಲಿದ ರಟ್ಟಿನ ಪಟ್ಟಿಗಳ ಮಾಲೆ. ಯಜಮಾನರು ಹಲಗೆ ತುಳಿದಾಗಲೆಲ್ಲ ಒಂದು ರಟ್ಟು ಮುಂದೆ ಬಂದು ಸೂಜಿಗಳ ಸಾಲಿಗೆ ಒತ್ತುತ್ತಿತ್ತು. ರಟ್ಟಿನಲ್ಲಿ ತೂತಿದ್ದಲ್ಲಿ ಸೂಜಿ ಒಳಹೊಕ್ಕು ಅದಕ್ಕೆ ಸೇರಿದ ಹಾಸಿನ ಎಳೆ ಮೇಲೇಳುತ್ತಿತ್ತು. ತೂತಿಲ್ಲದಲ್ಲಿ ಸೂಜಿ ಹಿಂದಕ್ಕೆ ಸರಿದು ಎಳೆ ಕೆಳಗೇ ಉಳಿಯುತ್ತಿತ್ತು. ನಡುವೆ ಲಾಳಿ ಹಾಯುತ್ತಿತ್ತು. ಮಾಲೆಯ ಕೊನೆಯ ರಟ್ಟನ್ನು ಮೊದಲ ರಟ್ಟಿಗೇ ಹೊಲಿದಿದ್ದರಿಂದ, ಒಂದು ಸುತ್ತು ಮುಗಿದೊಡನೆ ಅದೇ ಹೂವು ಸೆರಗಿನಲ್ಲಿ ಮತ್ತೆ ಮೊದಲಾಗುತ್ತಿತ್ತು. ತರಗತಿಯಲ್ಲಿ ನಾವು ‘ಲೂಪ್’ ಎನ್ನುವುದು ಇಲ್ಲಿ ಗಂಟು ಹಾಕಿದ ದಾರವಾಗಿ ಕಣ್ಣೆದುರು ತೂಗುತ್ತಿತ್ತು.

ಫ್ರಾನ್ಸಿನ ಜಕಾರ್ಡ್ 1804ರಲ್ಲಿ ಈ ಬಗೆಯ ಮಗ್ಗ ಕಟ್ಟಿದ್ದು, ಅದೇ ರಟ್ಟುಗಳನ್ನು ನೆಚ್ಚಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಲೆಕ್ಕದ ಯಂತ್ರವೊಂದನ್ನು ಯೋಜಿಸಿ ಕಟ್ಟಿ ಮುಗಿಸಲಾರದೆ ಹೋದದ್ದು, 1890ರ ಅಮೆರಿಕದ ಜನಗಣತಿಯನ್ನು ಹಾಲರಿತ್ ತೂತಿನ ಕಾರ್ಡುಗಳಿಂದ ಎಣಿಸಿದ್ದು, ಇವೆಲ್ಲ ನಾನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಎರಡು ನಿಮಿಷದಲ್ಲಿ ಓಡಿಸಿಬಿಡುವ ಕಥೆ. ಸುಮಾರು 60 ಕಿಲೋಮೀಟರ್ ದೂರದಲ್ಲಿ ನಡೆಯುತ್ತಿದ್ದ ಈ ಮಗ್ಗವನ್ನು ಮಾತ್ರ ನಾನು ಅಂದಿನವರೆಗೆ ನೋಡಿರಲಿಲ್ಲ.

ಯಜಮಾನರಿಂದ ಒಂದು ಹಾಳು ರಟ್ಟು ಕೇಳಿ ಪಡೆದು, ಅದರ ಬೆನ್ನಿಗೆ 12 ಮನೆ ಗೆರೆ ಹಾಕಿದೆ. ಬಲಗಡೆಯ ಮನೆಗೆ 1, ಅದರ ಎಡಕ್ಕೆ 2, ಆಮೇಲೆ 4, 8 ಎಂದು ಇಮ್ಮಡಿಸುತ್ತ 2048ರವರೆಗೆ ಬರೆದೆ. ಇವು ತಕ್ಕಡಿಯ ಕಲ್ಲುಗಳಿದ್ದಂತೆ, ಒಂದೊಂದನ್ನೂ ಇಡಬೇಕು ಇಲ್ಲವೇ ಬಿಡಬೇಕು ಎಂದೆ. ಕಂಪ್ಯೂಟರುಗಳು ಒಪ್ಪಿಕೊಂಡಿರುವ ಯೂನಿಕೋಡ್ ಪಟ್ಟಿಯಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಅದನ್ನು ತೂಗಲು 2048, 1024, 128, 16, 4 ಮತ್ತು 1 ಬೇಕು. ಆ ಆರು ಮನೆಗಳಿಗೆ ತೂತು ಹೊಡೆದೆ: ತೂತಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ.

“ಇದೇ ‘ಕ’ ನೋಡ್ರಿ” ಎಂದೆ. ಅವರು ಆ ತೂತುಗಳನ್ನು ಬೆರಳಿನಿಂದ ಸವರಿ, “2 ಅನ್ನೂ ಮನಿಗೂ ತೂತು ಹೊಡದ್ರ?” ಎಂದರು. ಲೆಕ್ಕ ಹಾಕಿದೆ: 3223. ಅದು ‘ಗ’! ಕೊಂಬಿಗೂ ಗುಡಿಸಿಗೂ ಬೇರೆಯೇ ಸಂಖ್ಯೆಗಳಿರುವುದರಿಂದ ಅವು ಹಾಗೇ ಉಳಿಯುತ್ತವೆ. ಒಂದೇ ತೂತಿನಿಂದ ‘ಕುಡಿ’ ಹೋಗಿ ‘ಗುಡಿ’ ಆಗುತ್ತದೆ. ಅವರು ಬಹಳ ಹೊತ್ತು ನಕ್ಕರು.

ನಗು ನಿಂತ ಮೇಲೆ ಸೆರಗಿನ ಅಂಚನ್ನು ಬಿಚ್ಚಿ ತೋರಿಸಿದರು. ಪ್ರತಿ ಹೂವಿನ ಅದೇ ಎಸಳಿನಲ್ಲಿ ಒಂದು ಎಳೆ ಹೊರಗೆ ಇಣುಕುತ್ತಿತ್ತು. ರಟ್ಟು ಹೊಡೆದವರು ಎಲ್ಲೋ ಒಂದು ತೂತು ಹೆಚ್ಚಿಗೆ ಹೊಡೆದಿದ್ದರು. ಮಾಲೆಯನ್ನು ಒಂದೊಂದಾಗಿ ಎಣಿಸಿ ಆ ರಟ್ಟನ್ನು ಹುಡುಕಿ, ಹೆಚ್ಚಿನ ತೂತಿನ ಮೇಲೆ ಕಾಗದದ ಚೂರೊಂದಕ್ಕೆ ಅಂಟು ಸವರಿ ಒತ್ತಿದರು. ಮೊದಲ ಕಾಲದ ಪ್ರೋಗ್ರಾಮ್ ಬರೆಯುವವರೂ ತಪ್ಪು ತೂತಿಗೆ ಹೀಗೆಯೇ ಕಾಗದ ಅಂಟಿಸುತ್ತಿದ್ದರು. ಇಂದಿಗೂ ಸಾಫ್ಟ್‌ವೇರ್ ತಿದ್ದುಪಡಿಗೆ ‘ಪ್ಯಾಚ್’, ಅಂದರೆ ತೇಪೆ, ಎಂದೇ ಹೆಸರು.

“ಇಷ್ಟ ಸರ್ತಿ ತಪ್ಪು ಮಾಡಿದ್ರೂ ನಿಮ್ಮ ಕಂಪ್ಯೂಟರಿಗೆ ಅದು ತಪ್ಪಂತ ಗೊತ್ತಾಗೂದಿಲ್ಲೇನ್ರಿ?” ಎಂದು ಕೇಳಿದರು.

“ಇಲ್ರಿ. ರಟ್ಟಿನ್ಯಾಗ ಇದ್ದದ್ದನ್ನ ಅದು ಸರಿಯಾಗೇ ಮಾಡಿರತೈತಿ” ಎಂದೆ.

“ಮಗ್ಗಕ್ಕೂ ಗೊತ್ತಾಗೂದಿಲ್ಲ ಬಿಡ್ರಿ. ಸೀರಿ ಕೊಳ್ಳಾಕ ಬಂದಾಕಿಗೆ ಗೊತ್ತಾಗತೈತಿ” ಎನ್ನುತ್ತ ಅವರು ಅಂಟು ಒಣಗಲೆಂದು ರಟ್ಟಿನ ಮೇಲೆ ಬಾಯಿಂದ ಗಾಳಿ ಊದಿದರು.

ಭವನಕ್ಕೆ ಮರಳಿದ ಮೇಲೆ ನಾನು ಪ್ರೊಜೆಕ್ಟರ್ ಹಚ್ಚಲಿಲ್ಲ; ಆರು ತೂತಿನ ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದಿನ ಸಾಲಿನವರನ್ನು ಮುಂದಕ್ಕೆ ಕರೆದೆ.