ಎರಿ ಹೊಲ ಮತ್ತೆ ಬೂದಿಯಾಯ್ತು

ಹಸಿ ಇದ್ದಾಗ ಕಪ್ಪು, ಒಣಗಿದ ಮೇಲೆ ಬೂದಿ. ಅಣ್ಣಿಗೇರಿ ಕಡೆಯ ಎರಿ ಮಣ್ಣಿನ ಗುಣವೇ ಅದು, ಆದರೆ ಕ್ಯಾನ್ವಾಸಿಗೂ ಅದೇ ರೋಗ ಅಂಟಿದರೆ ಏನ್ ಮಾಡೋದ್ರಿ? 18×36 ಇಂಚಿನ ‘ರೋಹಿಣಿ’ ಎಂಬ ಎಣ್ಣೆಬಣ್ಣದ ಚಿತ್ರದ ಮೂರನೇ ಪದರ ಒಣಗಿದ್ದೇ ತಡ, ಕೆಳಗಿನ ಎಡ ಮೂಲೆಯಲ್ಲಿ ಒಂದು ಗೇಣಿನಷ್ಟು ಜಾಗ ಒಲೆ ಬೂದಿ ಬಳಿದಂಗ ಮಂಕು.

ಸ್ಕೆಚ್ಚು, ಅಂಡರ್‌ಪೇಂಟಿಂಗು (ಅಡಿಗೆ ಬಳಿಯೋ ಮೊದಲ ತೆಳು ಪದರ) ನಿಮಗೆ ಗೊತ್ತಿದ್ದದ್ದೇ, ಬಿಡ್ರಿ. ಇಲ್ಲಿ ಬೇಕಿದ್ದ ಭಾವ ಒಂದೇ: ಹೊಲ ಹರಗಿ ಮಳೆಗೆ ಕಾಯೋದು. ಮೊದಲೆರಡು ಸಲ ಕಾರ್ಮೋಡ, ಮಿಂಚು, ಬೇವಿನ ಗಿಡ ಎಲ್ಲ ತುರುಕಿದ್ದಾಯ್ತು. ಎತ್ತಿನ ಬಂಡಿ ಒಂದು ಬಂದಿದ್ದರೆ ಗೊಬ್ಬರದಂಗಡಿ ಕ್ಯಾಲೆಂಡರೇ!

ಕಡುಗಪ್ಪು 1, ಬಿಳಿ 10 ಅಂತ ಲೆಕ್ಕ ಹಿಡಿಯಿರಿ. ಆಕಾಶ 7, ಮಣ್ಣು 2 ಇದ್ದಾಗ ಬರೀ ನಾಟಕ. ಆಕಾಶವನ್ನು 5ಕ್ಕೆ ಇಳಿಸಿ ಮಣ್ಣನ್ನು 3ಕ್ಕೆ ತಂದಾಗ ಮುಗಿಲು ಹೆಗಲ ಮೇಲೆ ಕೂತಂಗಾಯ್ತು. ಬೆಳಕು ಅಂತ ಇರೋದು ದಿಗಂತದಲ್ಲಿ ಕಾಲು ಇಂಚಿನ ಪಟ್ಟಿ ಮಾತ್ರ, ಅದು 8. ದಿಗಂತ ಮೇಲಿನಿಂದ ಆರೇ ಇಂಚು, ಉಳಿದದ್ದೆಲ್ಲ ಮಣ್ಣು. ಎರಡು ಚೌಕ ಜೋಡಿಸಿದ ಈ 18×36ರ ಅಳತೆ ಡಚ್ ಚಿತ್ರಕಾರ ವ್ಯಾನ್ ಗಾಗ್‌ನಿಂದ ಕದ್ದದ್ದು. 1890ರ ಜುಲೈನಲ್ಲಿ ಅವನು ಗೋಧಿ ಹೊಲಗಳನ್ನು ಸುಮಾರು 50×100 ಸೆಂ.ಮೀ. ಬಟ್ಟೆಯ ಮೇಲೆ ಬರೆದ. ದುಃಖ, ತೀರಾ ಒಂಟಿತನ ತೋರಿಸಲು ಹೊರಟಿದ್ದೇನೆಂದು ಪತ್ರದಲ್ಲೂ ಹೇಳಿದ. ಅಷ್ಟು ಅಗಲದಲ್ಲಿ ಕಣ್ಣು ಅಡ್ಡಾಡಿ ಸುಸ್ತಾಗುತ್ತದೆ, ನಿಲ್ಲಲು ಗಿಡದ ನೆರಳೂ ಸಿಗೋದಿಲ್ಲ.

ಈಗ ತಿಳೀತಲ್ಲ, ಆ ಬೂದಿ ಮೂಲೆ ಯಾಕೆ ಇಷ್ಟು ಕಾಡುತ್ತದೆ ಅಂತ. ಮಂಕಾದ ಮಣ್ಣು 3ರಿಂದ 4ರ ಮೇಲಕ್ಕೆ ಏರಿತು. ಮುಗಿಲಿಗೂ ಮಣ್ಣಿಗೂ ಇದ್ದ ಎರಡೇ ಮೆಟ್ಟಿಲಿನಲ್ಲಿ ಒಂದು ಹೋಯ್ತು. ಕಾಯುವ ಹೊಲ ಹೋಗಿ ಮಂಜು ಮುಸುಕಿದ ಹೊಲ ಉಳೀತು.

ಮೊದಲ ಅನುಮಾನ ಬಣ್ಣದ ಮೇಲೆ. ಟ್ಯೂಬಿನ ಕಪ್ಪು ಇಲ್ಲಿ ಮುಟ್ಟಿಲ್ಲ: ಅಲ್ಟ್ರಾಮರೀನ್ ನೀಲಿ ಮೂರು ಪಾಲು, ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು ಎರಡು. ನೀಲಿ ಹೆಚ್ಚಿದರೆ ಮಳೆ ಕುಡಿದ ಮಣ್ಣು, ಸಿಯೆನ್ನಾ ಹೆಚ್ಚಿದರೆ ಬಿರುಕು ಬಿಟ್ಟ ಮಣ್ಣು. ಈ ಸಲ ಹುಬ್ಬಳ್ಳಿಯ ಅಂಗಡಿಯವರು ಕೊಟ್ಟ ಸಿಯೆನ್ನಾ ಟ್ಯೂಬಿನ ಹಿಂದೆ, ಒಳಗಿನ ಬಣ್ಣದ ಪುಡಿ ಯಾವುದೆಂದು ಹೇಳೋ ಸಂಕೇತ ಪಿಬಿಆರ್ 7 (ಕಂದು) ಬದಲು ಪಿಆರ್ 101 (ಕೆಂಪು) ಅಂತ ಇತ್ತು. ಕೇಳಿದರೆ, ‘ಎಲ್ಲಾ ಒಂದೇ ಬಿಡ್ರಿ’. ಒಂದೇ ಅಲ್ಲ. ಆ ಕೆಂಪು ನೀಲಿಗೆ ಸೇರಿದರೆ ಬದನೀಕಾಯಿ ಬಣ್ಣ.

ಆದರೆ ಮಂಕಿಗೆ ಕಾರಣ ಅದಲ್ಲ. ಮೂಲೆಗೆ ಒಂದು ಹನಿ ಟರ್ಪೆಂಟೈನ್ ಸವರಿದಾಗ ಕಪ್ಪು ತಟ್ಟನೆ ಮರಳಿತು. ಅಂದರೆ ಮಿಶ್ರಣ ಸರಿ, ಎಣ್ಣೆ ಕೆಳಗಿಳಿದಿದೆ. ರೆಡಿ ಕ್ಯಾನ್ವಾಸಿನ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಟ್ಟೆಗೆ ಬಳಿಯೋ ಅಡಿಲೇಪ, ತೀರಾ ತೆಳು. ಅದರ ಮೇಲೆ ಟರ್ಪೆಂಟೈನಿನಲ್ಲಿ ನೀರಾಗಿಸಿದ ರಾ ಅಂಬರ್ ಕಂದು ಬಣ್ಣ. ಎರಡೂ ಸೇರಿ ಮೇಲಿನ ಪದರದ ಎಣ್ಣೆಯನ್ನು ಎರಿ ಮಣ್ಣು ನೀರು ಕುಡಿದಂಗ ಕುಡಿದವು. ನಾರ್ವೆಯ ಚಿತ್ರಕಾರ ಮುಂಕ್ 1893ರಲ್ಲಿ ‘ದಿ ಸ್ಕ್ರೀಮ್’ ಬರೆದದ್ದೇ ರಟ್ಟಿನ ಮೇಲೆ, ಮಂಕು ಅವನಿಗೆ ಬೇಕಿತ್ತು. ಅವನದ್ದು ಇಡೀ ಮೈ ಮಂಕು; ನಮ್ಮದು ಹುಳುಕಡ್ಡಿ ಹತ್ತಿದಂಗ ತೇಪೆ ತೇಪೆ.

ಮದ್ದು: ಚಿತ್ರಕ್ಕಂತಲೇ ಶುದ್ಧ ಮಾಡಿದ ಅಗಸಿ ಎಣ್ಣೆ, ಟರ್ಪೆಂಟೈನ್ ಸಮಪಾಲು. ಪೂರ್ತಿ ಒಣಗಿದ ಮೇಲೆ ಹಳೇ ಧೋತರದ ತುಂಡಿಗೆ ನಾಲ್ಕು ಹನಿ ಹಾಕಿ ತಿಕ್ಕಿ, ಐದು ನಿಮಿಷ ಬಿಟ್ಟು ಒರೆಸಿ ತೆಗೆಯೋದು. ಹೊಳಪು ನಿಂತರೆ ಎಣ್ಣೆ ಹೆಚ್ಚಾಗಿದೆ, ಮುಂದೆ ಹಳದಿ ಏರುತ್ತದೆ. ಆ ಅರಿವೆ ಮುದ್ದೆ ಮಾಡಿ ಒಗೀಬ್ಯಾಡ್ರಿ, ತಾನೇ ಕಾವು ಏರಿ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿ ಹೊರಗೆ ಹರವಿ ಒಣಗಿಸ್ರಿ.

ನಡುವೆ ಒಂದು ಮಾತು: ಮುಂದಿನ ಚಿತ್ರ ಗದಗ ಜಿಲ್ಲೆಯ ಮಾಗಡಿ ಕೆರೆಯ ಚಳಿಗಾಲದ ಬೆಳಗು, ಹೆಬ್ಬಾತು ಇಲ್ಲದೆ. ಎಲ್ಲವೂ 6ರಿಂದ 9ರೊಳಗೆ. ಅಮೆರಿಕದ ಚಿತ್ರಕಾರ ವಿಸ್ಲರ್ ‘ನಾಕ್ಟರ್ನ್’ ಎಂಬ ತನ್ನ ರಾತ್ರಿಯ ಚಿತ್ರಗಳಿಗೆ ಬಣ್ಣವನ್ನು ಸಾರಿನಷ್ಟು ತೆಳು ಮಾಡಿ, ಹರಿದು ಹೋಗದಂತೆ ಕ್ಯಾನ್ವಾಸನ್ನು ನೆಲಕ್ಕೆ ಮಲಗಿಸುತ್ತಿದ್ದ. ಅದನ್ನು ಮಾಡಿ ನೋಡಬೇಕು. ಅದಕ್ಕೆ ಪ್ರೈಮರ್ ಇನ್ನೆರಡು ಕೋಟ್, ನಡುವೆ 320ರ ಮರಳು ಕಾಗದದಿಂದ ಉಜ್ಜೋದು.

ಇತ್ತ ಎಣ್ಣೆ ಸವರಿದ ಮೂಲೆ ಫೋನಿನ ಕಪ್ಪು-ಬಿಳುಪು ಫೋಟೋದಲ್ಲಿ ಮತ್ತೆ 3ಕ್ಕೆ ಬಂದಿದೆ. ಆದರೆ ಪಕ್ಕದಲ್ಲಿ, ಬೆಳಕಿನ ಪಟ್ಟಿಯ ಕೆಳಗೆ, ಅಂಗೈಯಗಲ ಇನ್ನೊಂದು ಬೂದಿ ಎದ್ದಿದೆ.