ತಂಬಿಗೆ ಕೊನೆಗೂ ನೋಡಿತು

ನಿನ್ನೆ ರಾತ್ರಿ ಹನ್ನೊಂದೂವರೆಗೆ ತಂಬಿಗೆ ಬಾಗಿಲ ಕಡೆ ನೋಡಿತು. ನಾನು ತಿರುಗಿಸಿದ ಹಾಗಲ್ಲ, ತಾನೇ ನೋಡಿದ ಹಾಗೆ. ವಸ್ತುವನ್ನು ತುಸುತುಸು ಸರಿಸುತ್ತಾ ಒಂದೊಂದೇ ಫೋಟೋ ತೆಗೆದು, ಜೋಡಿಸಿ ಓಡಿಸುವ ಸ್ಟಾಪ್-ಮೋಷನ್ ಚಿತ್ರ ನನ್ನದು. ಅದರ ಈ ಒಂದು ಶಾಟಿಗಾಗಿ ಏಳು ವಾರದಿಂದ ಕೂತಿದ್ದೆ. ಒಂಬತ್ತು ಸೆಕೆಂಡಿನ ಶಾಟ್. ಸೆಕೆಂಡಿಗೆ 24 ಫ್ರೇಮ್, ಪ್ರತಿ ಫೋಟೋ ಎರಡು ಫ್ರೇಮ್ ನಿಲ್ಲುತ್ತೆ, ಅಂದರೆ ಒಟ್ಟು 108 ಫೋಟೋ. ಐದನೇ ಸಲ ತೆಗೆದದ್ದು ಕೈಗೆ ಹತ್ತಿತು. ಖುಷಿಗೆ ನಿದ್ದೆ ಬರಲಿಲ್ಲ.

ಹಿಂದಿನ ಕಂತು ಓದದವರಿಗಾಗಿ ಕಥೆ ಇಷ್ಟು. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋಗಿದ್ದಾಗ ವೀರಗಲ್ಲಿನ ಮುಂದೆ ತುಂಬಾ ಹೊತ್ತು ನಿಂತಿದ್ದೆ. ವೀರಗಲ್ಲು ನಿಮಗೆ ಗೊತ್ತೇ ಇದೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುವುದು, ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುವುದು. ಎಷ್ಟೋ ಕಲ್ಲುಗಳು ತುರುಗೋಳಿನವು. ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆಯಲು ಹೋಗಿ ಸತ್ತವರ ನೆನಪಿಗೆ ನಿಲ್ಲಿಸಿದವು. ನಡುವಿನ ಪಟ್ಟಿಗೂ ಮೇಲಿನದಕ್ಕೂ ಮಧ್ಯೆ ನಮ್ಮ ವೀರ ಅಪ್ಸರೆಯರ ಕೈಯಿಂದ ಜಾರಿದರೆ? ಜಾರಿ ಬಿದ್ದು, ಗದಗಿನ ಒಂದು ಮನೆಯ ಹಿತ್ತಾಳೆ ತಂಬಿಗೆಯಾಗಿ ಹುಟ್ಟಿದರೆ? ದನ ಬಿಡಿಸಲು ಜೀವ ಕೊಟ್ಟವನು ಈಗ ದಿನಾ ನಸುಕಿನಲ್ಲಿ ಆಕಳ ಕೆಳಗೆ ಹಾಲಿಗೆ ಬಾಯಿ ತೆರೆದು ಕೂರುತ್ತಾನೆ. ಅಷ್ಟೇ ಕಥೆ. ಈಗಲೂ ಹೇಳುವಾಗ ನನ್ನ ಗಂಟಲು ಕಟ್ಟುತ್ತೆ.

ಜಪಾನಿನ ಕಥೆಗಳಲ್ಲಿ ನಾಯಕ ಸತ್ತು ಬೇರೆ ಲೋಕದಲ್ಲಿ ಕತ್ತಿಯಾಗಿಯೋ ಸಾಮಾನು ಮಾರುವ ಯಂತ್ರವಾಗಿಯೋ ಹುಟ್ಟುವುದು ಮಾಮೂಲು. ಅಲ್ಲಿ ವಸ್ತು ಒಳಗಿನಿಂದ ಮಾತಾಡುತ್ತೆ. ನನ್ನ ತಂಬಿಗೆ ಮಾತಾಡಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಹಿನ್ನೆಲೆ ದನಿಯೂ ಬೇಡ. ಅವನು ಅಲ್ಲಿದ್ದಾನೆ ಅಂತ ನೋಡುವವರಿಗೆ ಕಂಡೇ ಗೊತ್ತಾಗಬೇಕು.

ಸೆಟ್ಟಿನ ಗೋಡೆ, ಗೂಡು, ಒಲೆ ಮುಗಿದಿವೆ. ತಂಬಿಗೆ ಓರೆಯಾಗಿ ನಿಲ್ಲಲು ತಳಕ್ಕೆ ಮೇಣ. ಇದನ್ನೆಲ್ಲ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಕಷ್ಟ ಇದ್ದದ್ದು ನೋಟದಲ್ಲಿ. ಮುಖವಿಲ್ಲದ ವಸ್ತುವಿಗೆ ಜೀವ ಕೊಡುವುದು ಹೊಸದೇನಲ್ಲ. ಅರ್ಧ ತುಂಬಿದ ಹಿಟ್ಟಿನ ಚೀಲವನ್ನು ನಗಿಸು, ಅಳಿಸು ಅಂತ ಅನಿಮೇಷನ್ ಕಲಿಯುವವರಿಗೆ ಮೊದಲಿಂದಲೂ ಪಾಠ ಇದೆ. ಆದರೆ ಚೀಲ ಕುಗ್ಗುತ್ತೆ, ಹಿಗ್ಗುತ್ತೆ. ಹಿತ್ತಾಳೆ ಕುಗ್ಗುವುದಿಲ್ಲ. ನಮ್ಮ ಮಾತಿನಲ್ಲಿ ತಂಬಿಗೆಗೆ ಬಾಯಿ ಇದೆ, ಕೊರಳಿದೆ, ಹೊಟ್ಟೆ ಇದೆ. ಕಣ್ಣು ಮಾತ್ರ ಇಲ್ಲ. ಮೊದಲ ಎರಡು ಸಲ ತಂಬಿಗೆಯನ್ನು ನಿಂತಲ್ಲೇ ಬಾಗಿಲ ಕಡೆ ತಿರುಗಿಸಿ ತೆಗೆದೆ. ಏನೂ ಆಗಲಿಲ್ಲ. ಸುತ್ತಲೂ ಒಂದೇ ತರ ಇರುವ ವಸ್ತುವಿಗೆ ಮುಂದೆ ಯಾವುದು, ಹಿಂದೆ ಯಾವುದು? ಹೊಟ್ಟೆಯ ಮೇಲಿದ್ದ ಒಂದು ನೆಗ್ಗು ಮಾತ್ರ ಸರಿಯಿತು. ಕರಿ ಮಣಿ ಅಂಟಿಸಿ ಕಣ್ಣು ಮಾಡಿ ನೋಡಿದೆ. ಆಟಿಕೆ ಆಗಿಬಿಟ್ಟಿತು. ಅವನು ವೀರ. ಅವನಿಗೆ ಹಾಗೆ ಮಾಡಬಾರದು ಅನ್ನಿಸಿ ಆಗಲೇ ಕಿತ್ತೆ.

ಇದರ ಜೊತೆಗೆ ಹೊಳಪಿನ ಕಾಟ. ಹಿತ್ತಾಳೆಯ ಗುಂಡು ಹೊಟ್ಟೆ ಅಂದರೆ ಕನ್ನಡಿ. ದೀಪ, ಕ್ಯಾಮೆರಾ, ನನ್ನ ಕೈ, ಎಲ್ಲಾ ಅದರಲ್ಲೇ ಕಾಣುತ್ತೆ. ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿದರೆ ಹೊಳಪು ಹೋಗುತ್ತೆ ಅಂತ ಮಾರುವವರು ಗ್ಯಾರಂಟಿ ಕೊಟ್ಟರು. ಹದಿನೆಂಟು ದಿನ ಕಾಯಿಸಿ ಬೇರೆ ಅಳತೆಯದ್ದು ಕಳಿಸಿದರು. ಬದಲಿ ಬರಲು ಇನ್ನೂ ಎರಡು ವಾರ. ಹಾಕಿ ನೋಡಿದರೆ ಹೊಳಪು ಇದ್ದ ಹಾಗೇ ಇದೆ! ನೀರು, ಗಾಜಿನ ಮೇಲಿನ ಪ್ರತಿಫಲನವನ್ನು ಆ ಫಿಲ್ಟರ್ ತಗ್ಗಿಸುತ್ತೆ. ಬರಿ ಲೋಹದ ಮೇಲೆ ಅದೊಂದರಿಂದ ಕೆಲಸ ಆಗುವುದಿಲ್ಲ. ದೀಪಕ್ಕೂ ಒಂದು ಪೋಲರೈಸರ್ ಹಾಳೆ ಕಟ್ಟಬೇಕು. ಲೋಹದ ಸಾಮಾನು ತೆಗೆಯಬೇಕು ಅಂತಲೇ ಹೇಳಿ ಕೇಳಿದ್ದೆ. ಮಾರುವವರಿಗೆ ಇಷ್ಟಾದರೂ ಗೊತ್ತಿರಬೇಕು, ಅಲ್ವಾ? ದಯವಿಟ್ಟು ನೀವು ಯಾರೂ ಇದಕ್ಕೆ ದುಡ್ಡು ಹಾಕಬೇಡಿ.

ಆಮೇಲೆ ಸೀಮೆಸುಣ್ಣದ ಪುಡಿ ಕಲಸಿ ತಂಬಿಗೆಗೆ ತಟ್ಟಿದೆ. ಹೊಳಪು ಹೋಯಿತು. ಮೂರನೇ ಮತ್ತು ನಾಲ್ಕನೇ ಸಲ ಹಾಗೇ ತೆಗೆದೆ. ಓರೆಯಾಗುವುದು, ನೆಟ್ಟಗಾಗುವುದು, ಎಲ್ಲಾ ಲೆಕ್ಕದ ಪ್ರಕಾರ ಸರಿಯಾಗಿತ್ತು. ಆದರೆ ತಂಬಿಗೆ ಸತ್ತುಹೋಗಿತ್ತು. ಮಣ್ಣಿನ ಮುದ್ದೆ ಅಲ್ಲಾಡಿದ ಹಾಗಿತ್ತು.

ಹೋದ ಶುಕ್ರವಾರ ಬಂದು ನೋಡಿದರೆ ಸೆಟ್ ಖಾಲಿ. ಅವ್ವ ತಂಬಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೋರಲು ಹಾಕಿದ್ದಳು. "ಹಾಲಿನ ತಂಬಿಗಿಗೆ ಯಾರರ ಸುಣ್ಣಾ ಬಳೀತಾರೇನೋ ತಮ್ಮಾ?" ಅಂದಳು. ಒರೆಸಿ ತಂದು ಗೂಡಿನಲ್ಲಿಟ್ಟೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಮೊಬೈಲ್ ಟಾರ್ಚ್ ಹಾಕಿಕೊಂಡು ಕೋಣೆ ದಾಟುತ್ತಿದ್ದೆ. ತಂಬಿಗೆಯ ಹೊಟ್ಟೆಯ ಮೇಲೆ ಒಂದು ಚುಕ್ಕೆ ಬೆಳಕು. ನಾನು ಎಡಕ್ಕೆ ಹೋದರೆ ಅದೂ ಎಡಕ್ಕೆ ಸರಿಯಿತು. ಬಲಕ್ಕೆ ಹೋದರೆ ಬಲಕ್ಕೆ. ಎಲ್ಲಿ ನಿಂತರೂ ನನ್ನನ್ನೇ ನೋಡುತ್ತಿತ್ತು. ಕತ್ತಲಲ್ಲಿ ಮೈ ಜುಮ್ಮೆಂದಿತು. ಏಳು ವಾರ ಒರೆಸಿ ಹಾಕಲು ನೋಡುತ್ತಿದ್ದ ಹೊಳಪೇ ಅವನ ಕಣ್ಣು.

ಇನ್ನು ಲೆಕ್ಕ. ತಂಬಿಗೆ ತಿರುಗಿಸಿದರೆ ಹೊಳಪು ಸರಿಯುವುದಿಲ್ಲ, ದೀಪ ಸರಿದರೆ ಸರಿಯುತ್ತೆ. ನನ್ನ ತಂಬಿಗೆಯ ಹೊಟ್ಟೆ 12 ಸೆಂ.ಮೀ. ಅಗಲ. ದೀಪ ಅರ್ಧ ಮೀಟರ್ ದೂರ. ದೀಪವನ್ನು 4 ಸೆಂ.ಮೀ. ಜರುಗಿಸಿದರೆ ಚುಕ್ಕೆ 2 ಮಿ.ಮೀ.ಗಿಂತ ತುಸು ಜಾಸ್ತಿ ಸರಿಯುತ್ತೆ. ಇದು ವರ ಇದ್ದ ಹಾಗೆ. ಕೈಯಲ್ಲಿ ಮಿಲಿಮೀಟರ್ ಹಿಡಿಯುವ ಕಷ್ಟವೇ ಇಲ್ಲ. ದಾರ ಕಟ್ಟಿ ನೆಲದ ಮೇಲೆ ಕಮಾನು ಎಳೆದು ಗುರುತು ಹಾಕಿದೆ. ಒಂದು ಫೋಟೋದಿಂದ ಇನ್ನೊಂದಕ್ಕೆ ದೀಪ ಜರುಗುವುದು ಶುರುವಿಗೆ 2 ಸೆಂ.ಮೀ., ನಡುವೆ 6, ಕೊನೆಗೆ ಮತ್ತೆ 2.

ಆದರೆ ದೀಪ ಸರಿದರೆ ತಂಬಿಗೆಯ ನೆರಳೂ ಗೋಡೆ ಮೇಲೆ ಓಡುತ್ತೆ. ಎರಡು ರಾತ್ರಿ ಇದಕ್ಕೇ ಹೋದವು. ಕೊನೆಗೆ ದೀಪ ಎರಡು ಮಾಡಿದೆ. ಸೆಟ್ಟಿಗೆ ಬೆಳಕು ಕೊಡುವ ದೊಡ್ಡ ದೀಪವನ್ನು ಬಿಳಿ ಪಂಚೆಯ ಹಿಂದೆ ಇಟ್ಟೆ, ಅದು ಅಲ್ಲಾಡುವುದಿಲ್ಲ. ಕಣ್ಣಿಗೆ ಮಾತ್ರ ಒಂದು ಸಣ್ಣ ಟಾರ್ಚ್. ಅದರ ಮುಂದೆ ಕರಿ ರಟ್ಟು, ರಟ್ಟಿಗೆ ತೂತು. ತೂತು ಚಿಕ್ಕದಾದಷ್ಟೂ ಗೋಡೆಗೆ ಬೀಳುವ ಬೆಳಕು ಕಡಿಮೆ, ನೆರಳೂ ಕಾಣುವುದಿಲ್ಲ. ಹಿತ್ತಾಳೆಯಲ್ಲಿ ಮಾತ್ರ ಚುಕ್ಕೆ ಮಂಕಾಗುವುದಿಲ್ಲ, ಸಣ್ಣದಾಗುತ್ತೆ ಅಷ್ಟೇ. ಕನ್ನಡಿಯಲ್ಲಿ ಕಾಣುವುದು ದೀಪದ ಬಿಂಬ ತಾನೇ. 5 ಮಿ.ಮೀ. ತೂತಿಗೆ ಚುಕ್ಕೆ ಸೂಜಿ ಮೊನೆಯಷ್ಟಾಯಿತು, ಕ್ಯಾಮೆರಾಗೆ ಸಿಗಲಿಲ್ಲ. 3 ಸೆಂ.ಮೀ. ಮಾಡಿ ಬೆಣ್ಣೆ ಕಾಗದ ಹಚ್ಚಿದೆ. ಸಾಸಿವೆ ಕಾಳಿನಷ್ಟು ಚುಕ್ಕೆ ಬಂತು. ಅದೇ ಅಳತೆ, ಬರೆದಿಟ್ಟುಕೊಳ್ಳಿ. ಕ್ಯಾಮೆರಾಗೆ ಕರಿ ಬಟ್ಟೆ ಸುತ್ತಿದೆ, ನಾನೂ ಕರಿ ಅಂಗಿ ಹಾಕಿದೆ.

ಶಾಟಿನಲ್ಲಿ ಮೊದಲು ಕಣ್ಣು ಹೋಗುತ್ತೆ, ಐದು ಫೋಟೋ. ಆಮೇಲೆ ಆರು ಫೋಟೋ ಏನೂ ಇಲ್ಲ, ಸುಮ್ನೆ ನಿಲ್ಲುತ್ತೆ. ಆಮೇಲೆ ಮೈ ಕೂದಲೆಳೆಯಷ್ಟು ಹಿಂದಕ್ಕೆ ಹೋಗಿ, ಮುಂದಕ್ಕೆ ಓರೆಯಾಗುತ್ತೆ. ಹೊಟ್ಟೆ ಗುಂಡಗಿರುವುದರಿಂದ ಓರೆಯಾಗುವಾಗಲೂ ಚುಕ್ಕೆ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತೆ. ಕಣ್ಣು ಬಾಗಿಲ ಮೇಲೆ ನೆಟ್ಟು ಕೊರಳು ಬಾಗಿಸಿದ ಹಾಗೆ. ಇದನ್ನು ನಾನು ಲೆಕ್ಕ ಹಾಕಿರಲಿಲ್ಲ, ತಂಬಿಗೆಯೇ ಕೊಟ್ಟದ್ದು.

ರಾತ್ರಿ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡುತ್ತಿದ್ದಾಗ ಅವ್ವ ನೀರು ಕುಡಿಯಲು ಎದ್ದು ಬಂದಳು. ನನ್ನ ಹಿಂದೆ ನಿಂತು ಒಂಬತ್ತು ಸೆಕೆಂಡು ನೋಡಿದಳು. ಆಮೇಲೆ ನಮ್ಮ ಮನೆಯ ಬಾಗಿಲ ಕಡೆ ತಿರುಗಿ ಕೇಳಿದಳು, "ಯಾರ ಬಂದ್ರೋ?"

ಇದೇ ಉತ್ಸಾಹದಲ್ಲಿ ಮುಂದಿನದೂ ತಲೆಯಲ್ಲಿ ಓಡುತ್ತಿದೆ. ಬೆಟಗೇರಿಯ ಮಗ್ಗದ ಸದ್ದು ಕೇಳಿ ಬೆಳೆದವನು ನಾನು. ಓಲೆ ಒಯ್ಯುವಾಗ ದಾರಿಯಲ್ಲೇ ಸತ್ತ ಓಟಗಾರನೊಬ್ಬ ಮಗ್ಗದ ಲಾಳಿಯಾಗಿ ಹುಟ್ಟುತ್ತಾನೆ. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ದಿನವಿಡೀ ಓಟ. ಮರದ ಲಾಳಿಗೆ ಹಿತ್ತಾಳೆಯ ಹೊಳಪಿಲ್ಲ, ಅವನ ಕಣ್ಣು ಬೇರೆ ಎಲ್ಲೋ ಇರಬೇಕು. ಬಹುಶಃ ಹಿಂದೆ ಬಿಟ್ಟು ಹೋಗುವ ನೂಲಿನಲ್ಲಿ. ಹಳೆಯ ಲಾಳಿ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಬಂದು ಒಯ್ಯುತ್ತೇನೆ.

ಅದಕ್ಕೂ ಮೊದಲು ಹಾಲಿನ ದೃಶ್ಯ ಇದೆ. ಖಾಲಿ ತಂಬಿಗೆಗೆ ಮೊದಲ ಧಾರೆ ಬಿದ್ದಾಗ ಚಣ್ ಅನ್ನುತ್ತೆ. ಹಾಲು ಏರಿದ ಹಾಗೆ ಸದ್ದು ಮೆತ್ತಗಾಗುತ್ತೆ. ಆ ಮೊದಲ ಸದ್ದಿಗೆ ಅವನ ಕಣ್ಣು ಮೇಲಕ್ಕೆ, ಆಕಳ ಕಡೆಗೆ ಹೋಗಬೇಕು. ನಾಳೆ ಐದಕ್ಕೆ ಪಕ್ಕದ ಓಣಿಯಲ್ಲಿ ಹಾಲು ಹಿಂಡುತ್ತಾರೆ. ರೆಕಾರ್ಡರಿಗೆ ಸೆಲ್ ಹಾಕಿ ಇಟ್ಟಿದ್ದೇನೆ. ತಂಬಿಗೆಯನ್ನು ನಾನೇ ತಿಕ್ಕಿದ್ದೇನೆ, ಹುಣಸೆಹಣ್ಣು ಹಚ್ಚಿ.